ಏರ್‌ಕೂಲ್ಡ್ ಫೋಕ್ಸ್‌ವ್ಯಾಗನ್‌ನ ಇಂಜೆಕ್ಷನ್ ತೆಗೆದು ಜೋಡಿ ಕಾರ್ಬುರೇಟರ್ ಕೂರಿಸುವುದು: ಸಮಗ್ರ ಮಾರ್ಗದರ್ಶಿ

ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ತೆಗೆದು, ಗಾಳಿಯ ಎಳೆತದಿಂದ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹಾಕುವ ಈ ಕೆಲಸದಲ್ಲಿ, ಅದನ್ನು ಕೂರಿಸುವುದೇ ಎಲ್ಲಕ್ಕಿಂತ ಸುಲಭ. ಪ್ಯಾಕಿಂಗ್ ಇಡಿ, ನಟ್ ಬಿಗಿ ಮಾಡಿ, ಮುಗೀತು. ತಲೆ ತಿನ್ನುವುದು ಅದರ ಸುತ್ತಲಿನ ಮೂರು ಸಂಗತಿಗಳು: ಪೆಟ್ರೋಲ್ ಒತ್ತಡ, ಸ್ಪಾರ್ಕ್ ಟೈಮಿಂಗ್, ಎಕ್ಸಲರೇಟರ್ ಲಿಂಕೇಜ್ (ಪೆಡಲ್‌ನಿಂದ ಕಾರ್ಬುರೇಟರ್‌ವರೆಗಿನ ಜೋಡಣೆ). ಅರ್ಧಕ್ಕೆ ನಿಂತು ವರ್ಷಗಟ್ಟಲೆ ಧೂಳು ತಿನ್ನುವ ಕಾರುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಈ ಬರಹದಲ್ಲೂ ಜಾಸ್ತಿ ಜಾಗ ಅವಕ್ಕೇ.

ಮೊದಲು ಯಾವ ಕಾರುಗಳ ಮಾತು ಅಂತ ಹೇಳಿಬಿಡುತ್ತೇನೆ. ಫೋಕ್ಸ್‌ವ್ಯಾಗನ್ 1968ರ ಮಾಡೆಲ್‌ನಲ್ಲೇ ಅಮೆರಿಕದ ಟೈಪ್ 3 ಕಾರಿಗೆ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಿತ್ತು. ಪೋರ್ಷೆ 914ರಲ್ಲಿ 1.7 ಮತ್ತು 2.0 ಲೀಟರ್ ಎಂಜಿನ್‌ಗೆ ಡಿ-ಜೆಟ್ರಾನಿಕ್, ಅಮೆರಿಕಕ್ಕೆ ಹೋದ 1.8ಕ್ಕೆ ಎಲ್-ಜೆಟ್ರಾನಿಕ್. 1975ರಿಂದ ಅಮೆರಿಕದಲ್ಲಿ ಮಾರಿದ ಬಸ್ (ಫೋಕ್ಸ್‌ವ್ಯಾಗನ್‌ನ ವ್ಯಾನ್) ಮತ್ತು ಬೀಟಲ್‌ಗಳಿಗೆ ಎಲ್-ಜೆಟ್ರಾನಿಕ್. ಇಲ್ಲಿ ನಾನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಟೈಪ್ 4 ಎಂಬ ದೊಡ್ಡ ಎಂಜಿನ್‌ನ ಬಸ್. ಉಳಿದವಕ್ಕೂ ದಾರಿ ಬಹುಪಾಲು ಇದೇ.

ನಿಜವಾಗಲೂ ಬೇಕಾ?

ಈ ಪ್ರಶ್ನೆ ಕೇಳದೆ ಪಾನಾ ಹಿಡಿಯಬೇಡಿ. ಇಂಜೆಕ್ಷನ್ ಕೆಟ್ಟಿದೆ ಅಂತ ಬೈಯುವವರ ಕಾರಿನಲ್ಲಿ ಅನೇಕ ಸಲ ಕೆಟ್ಟಿರುವುದು ಒಂದು ಒಡೆದ ರಬ್ಬರ್ ಪೈಪ್ ಅಷ್ಟೇ. ಎಲ್-ಜೆಟ್ರಾನಿಕ್ ಒಳಗೆ ಹೋಗುವ ಗಾಳಿಯನ್ನು ಒಂದು ರೆಕ್ಕೆಯಿಂದ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕುತ್ತದೆ. ಆ ಮೀಟರ್ ದಾಟಿದ ಮೇಲೆ ಎಲ್ಲಿಂದಲಾದರೂ ಕಳ್ಳಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ.

ಇದಕ್ಕೊಂದು ಚಿಕ್ಕ ಪರೀಕ್ಷೆ ಇದೆ. ಎಂಜಿನ್ ಸ್ಲೋನಲ್ಲಿ (ಎಕ್ಸಲರೇಟರ್ ಒತ್ತದೆ) ಓಡುವಾಗ ಆಯಿಲ್ ತುಂಬುವ ಮುಚ್ಚಳ ತೆಗೆಯಿರಿ. ಎಲ್-ಜೆಟ್ರಾನಿಕ್ ಎಂಜಿನ್ ತಡವರಿಸಬೇಕು, ಇಲ್ಲವೇ ನಿಂತೇಹೋಗಬೇಕು. ಏನೂ ಆಗಲಿಲ್ಲ ಅಂದರೆ ಗಾಳಿ ಆಗಲೇ ಬೇರೆಲ್ಲಿಂದಲೋ ಒಳಗೆ ಬರುತ್ತಿದೆ. ಹಳೆಯ ಪೈಪ್ ಬದಲಿಸಿ, ಅರ್ತ್ ಕನೆಕ್ಷನ್ ಉಜ್ಜಿ, ಸೆನ್ಸರ್‌ಗಳ ಪ್ಲಗ್ ಸ್ವಚ್ಛ ಮಾಡಿ ನೋಡಿ. ಸರಿಹೋದರೆ ಈ ಬರಹವನ್ನು ಇಲ್ಲಿಗೇ ಬಿಟ್ಟುಬಿಡಿ. ಚಳಿಯಲ್ಲಿ ಸ್ಟಾರ್ಟ್ ಆಗುವುದರಲ್ಲಿ, ಮೈಲೇಜ್‌ನಲ್ಲಿ, ಬೆಟ್ಟ ಹತ್ತುವಾಗ ಗಾಳಿ ತೆಳುವಾದರೆ ಹೊಂದಿಕೊಳ್ಳುವುದರಲ್ಲಿ, ಆರೋಗ್ಯವಾಗಿರುವ ಇಂಜೆಕ್ಷನ್‌ನ ಸಮಕ್ಕೆ ಕಾರ್ಬುರೇಟರ್ ಬರುವುದಿಲ್ಲ.

ಹಾಗಾದರೆ ಯಾವಾಗ ಬದಲಿಸಬೇಕು? ವೈರಿಂಗ್ ಪೂರ್ತಿ ಹಾಳಾಗಿ ಭಾಗಗಳು ಸಿಗದೇ ಇದ್ದಾಗ. ಹಿಂದಿನ ಮಾಲೀಕ ಅರ್ಧ ಸಾಮಾನು ಎಸೆದಿದ್ದಾಗ. ಅಥವಾ ಎಂಜಿನ್ ದೊಡ್ಡದು ಮಾಡಿ ಬೇರೆ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಹಾಕಿದ್ದಾಗ. ಡಿ-ಜೆಟ್ರಾನಿಕ್ ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ) ವ್ಯಾಕ್ಯೂಮ್ ನೋಡಿ ಲೆಕ್ಕ ಹಾಕುತ್ತದೆ. ಬಿರುಸಾದ ಕ್ಯಾಮ್ ಹಾಕಿದರೆ ಆ ವ್ಯಾಕ್ಯೂಮ್ ಏರುಪೇರಾಗಿ ಅದಕ್ಕೆ ದಿಕ್ಕು ತೋಚುವುದಿಲ್ಲ. ಕಂಪನಿಯ ಕ್ಯಾಮ್ ಇರುವ ಎಂಜಿನ್‌ಗೆ ಜೋಡಿ ಕಾರ್ಬುರೇಟರ್ ಹಾಕಿದರೆ ಶಬ್ದ ಚೆನ್ನಾಗಿರುತ್ತದೆ, ಪಿಕಪ್ ಸ್ವಲ್ಪ ಚುರುಕಾಗುತ್ತದೆ. ಅದಕ್ಕಿಂತ ಜಾಸ್ತಿ ಆಸೆ ಬೇಡ.

ಕಾನೂನನ್ನೂ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976ರ ಬಸ್‌ಗೆ ಇಲ್ಲ. ಒಂದೇ ವರ್ಷದ ಅಂತರ, ಆದರೆ ಇಂಜೆಕ್ಷನ್ ಕಿತ್ತ 1976ರ ಬಸ್ ಅಲ್ಲಿ ತಪಾಸಣೆಯಲ್ಲಿ ಪಾಸಾಗುವುದಿಲ್ಲ.

ಎಂಜಿನ್‌ನ ಆರೋಗ್ಯ

ಬಿಚ್ಚುವ ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ. ನಾಲ್ಕೂ ಸಿಲಿಂಡರ್ 7 ಬಾರ್‌ಗಿಂತ ಮೇಲಿರಲಿ, ಒಂದಕ್ಕೊಂದು ವ್ಯತ್ಯಾಸ ಒಂದೂವರೆ ಬಾರ್ ದಾಟದಿರಲಿ. ಟ್ಯಾಪೆಟ್ (ವಾಲ್ವ್‌ನ ಸಂದು) ಸೆಟ್ ಮಾಡಿ. ಟೈಪ್ 1, ಅಂದರೆ ಬೀಟಲ್‌ನ ಎಂಜಿನ್‌ಗೆ ತಣ್ಣಗಿರುವಾಗ 0.15 ಮಿ.ಮೀ. ಟೈಪ್ 4ಕ್ಕೆ ಇನ್‌ಟೇಕ್ 0.15, ಎಕ್ಸಾಸ್ಟ್ 0.20. 1978ರಿಂದ ಬಸ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಬಂತು, ಅವಕ್ಕೆ ಈ ಲೆಕ್ಕ ಇಲ್ಲ. ವಾಲ್ವ್ ಸುಟ್ಟ ಎಂಜಿನ್‌ಗೆ ಹೊಸ ಕಾರ್ಬುರೇಟರ್ ಹಾಕಿ ತಿಂಗಳುಗಟ್ಟಲೆ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಿಸುತ್ತಾ ಕೂತವರನ್ನು ನೋಡಿದ್ದೇನೆ. ಪಾಪ ಅನ್ನಿಸುತ್ತದೆ.

ಯಾವ ಕಾರ್ಬುರೇಟರ್?

ಮಧ್ಯದಲ್ಲಿ ಒಂದೇ ಒಂದು ವೆಬರ್ 32/36 ಕೂರಿಸುವ ಕಿಟ್‌ಗಳು ಸಿಗುತ್ತವೆ. ಅಗ್ಗ, ಲಿಂಕೇಜ್ ತಲೆನೋವಿಲ್ಲ. ಆದರೂ ನಾನು ಬೇಡ ಅನ್ನುತ್ತೇನೆ. ಮಧ್ಯದಿಂದ ಎರಡೂ ಹೆಡ್‌ಗಳಿಗೆ ಹೋಗುವ ಉದ್ದನೆಯ ತಣ್ಣನೆ ಪೈಪ್‌ನಲ್ಲಿ ಪೆಟ್ರೋಲ್ ಆವಿಯಾಗಿ ಉಳಿಯುವುದಿಲ್ಲ, ಹನಿಯಾಗಿ ಗೋಡೆಗೆ ಅಂಟುತ್ತದೆ. ನೀರಿನಿಂದ ತಣಿಯುವ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್‌ಗೆ ಬಿಸಿನೀರು ಸುತ್ತುತ್ತದೆ, ಇಲ್ಲಿ ಅದೂ ಇಲ್ಲ. ಚಳಿ ಮತ್ತು ತೇವ ಇರುವ ದಿನ ಮ್ಯಾನಿಫೋಲ್ಡ್ ಮೇಲೆ ಮಂಜು ಕಟ್ಟುವುದೂ ಉಂಟು.

ಪ್ರತಿ ಹೆಡ್‌ಗೆ ಒಂದೊಂದು ಇರುವ ಜೋಡಿಯೇ ಸರಿ. 1600 ಸಿಸಿಯ ಸಾಧಾರಣ ಎಂಜಿನ್‌ಗೆ ಒಂದೇ ಬಾಯಿಯ ವೆಬರ್ 34 ಐಸಿಟಿ ಜೋಡಿ ಅಥವಾ ಕ್ಯಾಡ್ರಾನ್ ಜೋಡಿ ಸಾಕು. 1.8, 2.0 ಲೀಟರ್‌ನ ಟೈಪ್ 4ಕ್ಕೆ ಎರಡು ಬಾಯಿಯ ವೆಬರ್ 40 ಐಡಿಎಫ್ ಅಥವಾ ಡೆಲ್ಲೊರ್ಟೊ ಡಿಆರ್‌ಎಲ್‌ಎ 40. 44 ಚೆನ್ನಾಗಿ ಕಾಣುತ್ತದೆ ಅಂತ ಕೊಳ್ಳಬೇಡಿ. ಬಾಯಿ ದೊಡ್ಡದಾದಷ್ಟೂ ಕಡಿಮೆ ವೇಗದಲ್ಲಿ ಗಾಳಿ ನಿಧಾನವಾಗುತ್ತದೆ, ಪೆಟ್ರೋಲ್ ಎಳೆಯುವ ಬಲ ಕಳೆದುಕೊಳ್ಳುತ್ತದೆ. ಮ್ಯಾನಿಫೋಲ್ಡ್ ಕೊಳ್ಳುವಾಗ ಎಂಜಿನ್ ಕೋಡ್ ಹೇಳಿ ಕೇಳಿ. ಟೈಪ್ 1ರದ್ದು ಟೈಪ್ 4ಕ್ಕೆ ಕೂರುವುದಿಲ್ಲ.

ಬಿಚ್ಚುವುದು

ಬ್ಯಾಟರಿಯ ಅರ್ತ್ ಕೇಬಲ್ ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಇಂಜೆಕ್ಷನ್ ಪೈಪ್‌ನಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ. ಕ್ಲಿಪ್ ಸಡಿಲಿಸಿದ ತಕ್ಷಣ ಪೆಟ್ರೋಲ್ ಮುಖಕ್ಕೇ ಚಿಮ್ಮಬಹುದು. ದಪ್ಪ ಬಟ್ಟೆ ಸುತ್ತಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ.

ತೆಗೆಯುವ ಪ್ರತಿ ವೈರ್‌ಗೂ ಕಾಗದ ಅಂಟಿಸಿ ಹೆಸರು ಬರೆಯಿರಿ, ಫೋಟೊ ತೆಗೆಯಿರಿ. ಗಾಳಿ ಮೀಟರ್, ಥ್ರಾಟಲ್ ಬಾಡಿ, ಪ್ಲೀನಮ್ (ಗಾಳಿ ಹಂಚುವ ಡಬ್ಬ), ನಾಲ್ಕು ಇಂಜೆಕ್ಟರ್, ಕೋಲ್ಡ್ ಸ್ಟಾರ್ಟ್ ವಾಲ್ವ್, ಒತ್ತಡದ ರೆಗ್ಯುಲೇಟರ್, ಡಬಲ್ ರಿಲೇ, ಕಂಪ್ಯೂಟರ್ ಡಬ್ಬ ಎಲ್ಲವೂ ಹೊರಗೆ ಬರುತ್ತವೆ. ಹೆಡ್‌ನಲ್ಲಿರುವ ತಾಪದ ಸೆನ್ಸರ್ ಮಾತ್ರ ಹಾಗೇ ಬಿಡಿ. ಹಳೆಯ ಅಲ್ಯುಮಿನಿಯಂ ಹೆಡ್‌ನ ತ್ರೆಡ್ ಕಿತ್ತುಕೊಂಡು ಬಂದರೆ ಯಾರಿಗೆ ಬೇಕು?

ಇಲ್ಲಿ ಎರಡು ಕಡೆ ಜೋಪಾನ. ಇಂಜೆಕ್ಷನ್ ವೈರಿಂಗ್ ಕೀಳುವ ಭರದಲ್ಲಿ ಆಲ್ಟರ್ನೇಟರ್ ಮತ್ತು ಆಯಿಲ್ ಪ್ರೆಷರ್ ಸ್ವಿಚ್‌ನ ವೈರ್‌ಗಳನ್ನು ಕತ್ತರಿಸಬೇಡಿ. ಎರಡನೆಯದು, ಎಲ್-ಜೆಟ್ರಾನಿಕ್ ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ನ 1ನೇ ಟರ್ಮಿನಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುತ್ತದೆ. ಆ ವೈರ್ ಅನ್ನು ಕಾಯಿಲ್‌ನಿಂದಲೇ ಬಿಚ್ಚಿ. ತುದಿ ಬೋಳಾಗಿ ನೇತಾಡುತ್ತಾ ಬಾಡಿಗೆ ತಾಗಿದರೆ ಸ್ಪಾರ್ಕ್ ಸತ್ತುಹೋಗುತ್ತದೆ. ಆಮೇಲೆ ನೀವು ಕಾರ್ಬುರೇಟರ್ ಬೈಯುತ್ತಾ ಕೂರುತ್ತೀರಿ.

ಎಂಜಿನ್ ಸುತ್ತಲಿನ ತಗಡಿನಲ್ಲಿ ಈಗ ತೂತುಗಳು ಉಳಿಯುತ್ತವೆ. ಎಲ್ಲವನ್ನೂ ಮುಚ್ಚಿ. ಆ ತಗಡು ಅಲಂಕಾರಕ್ಕಲ್ಲ. ಕೆಳಗಿನ ಬಿಸಿಗಾಳಿ ಮೇಲೆ ಬಂದು ಮತ್ತೆ ಫ್ಯಾನ್‌ಗೆ ಸೇರದಂತೆ ತಡೆಯುವುದು ಅದೇ.

ಪೆಟ್ರೋಲ್ ಒತ್ತಡ: ಮೊದಲ ಗಂಟು

ಇಂಜೆಕ್ಷನ್ ಪಂಪ್ 2ರಿಂದ 2.5 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ವೆಬರ್‌ಗೆ ಬೇಕಿರುವುದು 0.2 ಬಾರ್, ಅಂದರೆ ಸುಮಾರು 3 ಪಿಎಸ್‌ಐ. ಹತ್ತು ಪಟ್ಟು ವ್ಯತ್ಯಾಸ. ಫ್ಲೋಟ್‌ನ ಸೂಜಿ ಅಷ್ಟು ಒತ್ತಡ ತಡೆಯಲಾರದು. ಪೆಟ್ರೋಲ್ ಉಕ್ಕಿ ಸಿಲಿಂಡರ್ ಒಳಗೆ ಇಳಿದು ಆಯಿಲ್‌ಗೆ ಸೇರುತ್ತದೆ.

ಹಳೆಯ ಪಂಪನ್ನೇ ಉಳಿಸಿಕೊಂಡು ಮುಂದೆ ಒಂದು ಅಗ್ಗದ ರೆಗ್ಯುಲೇಟರ್ ಹಾಕಿದರಾಯಿತು ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ಎರಡೇ ದಿನಕ್ಕೆ ಡಿಪ್‌ಸ್ಟಿಕ್ ಪೆಟ್ರೋಲ್ ವಾಸನೆ ಹೊಡೆಯಿತು. ಆಯಿಲ್ ನೀರಿನ ಹಾಗೆ ತೆಳುವಾಗಿತ್ತು. ಹಾಗೇ ಇನ್ನಷ್ಟು ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು. ಹಳೆಯ ಪಂಪ್ ತೆಗೆದು ಕಾರ್ಬುರೇಟರ್‌ಗೆಂದೇ ಮಾಡಿದ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿ. ಗೇಜ್ ಜೋಡಿಸಿ ಅಳೆದು ನೋಡಿ. ಡಬ್ಬದ ಮೇಲೆ ಬರೆದಿರುವ ಅಂಕಿಗಿಂತ ಜಾಸ್ತಿ ಒತ್ತುವ ಪಂಪ್‌ಗಳು ಬೇಕಾದಷ್ಟಿವೆ. ಆಗ ಮಾತ್ರ ರೆಗ್ಯುಲೇಟರ್ ಸೇರಿಸಿ.

ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಅದನ್ನು ಟ್ಯಾಂಕಿನ ಹತ್ತಿರ, ಟ್ಯಾಂಕಿಗಿಂತ ಕೆಳಗೆ, ಬಿಸಿಯಿಂದ ದೂರ ಕೂರಿಸಿ. ಮೊದಮೊದಲ 914ರಲ್ಲಿ ಪಂಪ್ ಎಂಜಿನ್ ಹತ್ತಿರವೇ ಇತ್ತು. ಬಿಸಿಗೆ ಪೆಟ್ರೋಲ್ ಆವಿಯಾಗಿ ಕಾರು ನಿಲ್ಲುತ್ತಿತ್ತು. 1975ರ ಮಾಡೆಲ್‌ನಲ್ಲಿ ಪೋರ್ಷೆಯೇ ಅದನ್ನು ಮುಂದಕ್ಕೆ, ಟ್ಯಾಂಕಿನ ಬಳಿಗೆ ಒಯ್ದಿತು.

ಫಿಲ್ಟರ್ ಪಂಪ್‌ಗಿಂತ ಮೊದಲು ಬರಲಿ. ಎಂಜಿನ್ ಕೋಣೆಯಲ್ಲಿ ಪ್ಲಾಸ್ಟಿಕ್ ಫಿಲ್ಟರ್ ನೇತುಹಾಕಬೇಡಿ. ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಈಗ ಬೇಕಿಲ್ಲ. ಟ್ಯಾಂಕ್ ಕಡೆಯ ತುದಿಯನ್ನು ಪೆಟ್ರೋಲ್‌ಗೆ ಕರಗದ ಮುಚ್ಚಳ ಹಾಕಿ, ಕ್ಲಿಪ್ ಬಿಗಿದು ಮುಚ್ಚಿ. ಬರೀ ಬೋಲ್ಟ್ ತುರುಕಿದರೆ ಸಾಲದು. ರಬ್ಬರ್ ಪೈಪ್ ಎಲ್ಲವೂ ಹೊಸದಿರಲಿ. ಕಡಿಮೆ ಒತ್ತಡಕ್ಕೆ ಎಸ್‌ಎಇ 30ಆರ್7 ದರ್ಜೆ ಸಾಕು, ಆದರೆ ಇಂಜೆಕ್ಷನ್‌ಗೆ ಬಳಸುವ 30ಆರ್9 ಹಾಕಿದರೆ ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಹೆಚ್ಚು ಬಾಳುತ್ತದೆ. ಹಳೆಯ ಫೋಕ್ಸ್‌ವ್ಯಾಗನ್‌ಗಳು ಸುಟ್ಟುಹೋಗುವುದು ಹೆಚ್ಚಾಗಿ ಬಿರುಕುಬಿಟ್ಟ ಪೈಪ್‌ನಿಂದ. ಟೈಪ್ 1ರ ಎಂಜಿನ್ ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ.

ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಎಲ್-ಜೆಟ್ರಾನಿಕ್‌ನಲ್ಲಿ ಗಾಳಿ ಮೀಟರ್‌ನ ರೆಕ್ಕೆ ತೆರೆದಾಗ ಮಾತ್ರ ಪಂಪ್‌ಗೆ ಕರೆಂಟ್ ಹೋಗುತ್ತಿತ್ತು. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತಿತ್ತು. ಮೀಟರ್ ಜೊತೆ ಆ ರಕ್ಷಣೆಯನ್ನೂ ನೀವು ಕಿತ್ತುಹಾಕಿದ್ದೀರಿ. ಪಂಪನ್ನು ನೇರವಾಗಿ ಕೀ ಸ್ವಿಚ್‌ಗೆ ಜೋಡಿಸಿದರೆ, ಅಪಘಾತವಾಗಿ ಪೈಪ್ ಹರಿದರೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅದಕ್ಕೇ ಕಾಯಿಲ್‌ನ 1ನೇ ಟರ್ಮಿನಲ್ ನೋಡಿ ಕೆಲಸ ಮಾಡುವ ರಿಲೇ ಹಾಕಿ. ಸ್ಪಾರ್ಕ್ ಇದ್ದರೆ ಪಂಪ್, ಇಲ್ಲದಿದ್ದರೆ ಇಲ್ಲ. ಜೊತೆಗೆ ಢಿಕ್ಕಿಯಾದರೆ ಕಡಿತಗೊಳ್ಳುವ ಇನರ್ಷಿಯಾ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಫ್ಯೂಸ್ ಹಾಕಲು ಮರೆಯಬೇಡಿ.

ಮ್ಯಾನಿಫೋಲ್ಡ್ ಮತ್ತು ಕಾರ್ಬುರೇಟರ್

ಹೆಡ್‌ನ ಬಾಯಿಗೆ ಬಟ್ಟೆ ತುರುಕಿ ಹಳೆಯ ಪ್ಯಾಕಿಂಗ್ ಕೆರೆದು ತೆಗೆಯಿರಿ. ಒಳಗೆ ನಟ್ ಬಿದ್ದರೆ ಹೆಡ್ ಬಿಚ್ಚಬೇಕಾಗುತ್ತದೆ. ಮ್ಯಾನಿಫೋಲ್ಡ್‌ನ ಮುಖ ಸಮವಾಗಿದೆಯಾ ಅಂತ ಗಾಜಿನ ಮೇಲಿಟ್ಟು ನೋಡಿ. 8 ಮಿ.ಮೀ. ಸ್ಟಡ್‌ನ ನಟ್‌ಗೆ ಸುಮಾರು 20 ನ್ಯೂಟನ್ ಮೀಟರ್ ಸಾಕು. ಎರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಹೊಸ ಕಾರ್ಬುರೇಟರ್ ಆದರೂ ಮುಚ್ಚಳ ತೆಗೆದು ಫ್ಲೋಟ್ ಎತ್ತರ ಅಳೆಯಿರಿ. 40 ಐಡಿಎಫ್‌ನ ಹಿತ್ತಾಳೆ ಫ್ಲೋಟ್‌ಗೆ ಸುಮಾರು 10 ಮಿ.ಮೀ. ಒಳಗೆ ಲೋಹದ ಪುಡಿ ಇದ್ದರೆ ತೊಳೆಯಿರಿ. ಸ್ಲೋಗೆ ಪೆಟ್ರೋಲ್ ಕೊಡುವ ಐಡಲ್ ಜೆಟ್‌ನ ತೂತು ಅರ್ಧ ಮಿಲಿಮೀಟರ್ ಅಷ್ಟೇ, ಒಂದು ಕಸ ಸಾಕು.

ವೆಬರ್ ಜೆಟ್‌ಗಳ ಮೇಲಿನ ಅಂಕಿ ಮಿಲಿಮೀಟರಿನ ನೂರರ ಭಾಗದಲ್ಲಿರುತ್ತದೆ. 50 ಅಂದರೆ 0.50 ಮಿ.ಮೀ. ಸಾಧಾರಣ ಟೈಪ್ 4ಕ್ಕೆ 40 ಐಡಿಎಫ್‌ನಲ್ಲಿ 28 ಮಿ.ಮೀ. ವೆಂಚುರಿ (ಬಾಯಿಯ ಒಳಗಿನ ಇಕ್ಕಟ್ಟು), 115ರಿಂದ 120ರ ಮೇನ್ ಜೆಟ್, 200ರ ಏರ್ ಜೆಟ್, ಎಫ್11 ಎಮಲ್ಷನ್ ಟ್ಯೂಬ್, 50 ಅಥವಾ 55ರ ಐಡಲ್ ಜೆಟ್ ಹಾಕಿ ಶುರುಮಾಡಿ. ಮೇನ್ ಜೆಟ್‌ಗೆ ಹಳೆಯ ಲೆಕ್ಕ ಒಂದಿದೆ: ವೆಂಚುರಿ ಅಳತೆಗೆ ನಾಲ್ಕರಿಂದ ಗುಣಿಸಿ. 28 ನಾಲ್ಕಲೆ 112, ಅದಕ್ಕಿಂತ ಸ್ವಲ್ಪ ದೊಡ್ಡದು 115.

ಬ್ರೇಕ್ ಬೂಸ್ಟರ್ ಇರುವ ಬಸ್‌ನಲ್ಲಿ ಅದರ ವ್ಯಾಕ್ಯೂಮ್ ಪೈಪ್ ಮೊದಲು ಪ್ಲೀನಮ್‌ಗೆ ಸೇರಿತ್ತು. ಈಗ ಪ್ಲೀನಮ್ಮೇ ಇಲ್ಲ. ಒಂದೇ ಸಿಲಿಂಡರ್‌ನ ಮ್ಯಾನಿಫೋಲ್ಡ್‌ನಿಂದ ಎಳೆದರೆ ವ್ಯಾಕ್ಯೂಮ್ ಬಿಟ್ಟುಬಿಟ್ಟು ಬರುತ್ತದೆ, ಬ್ರೇಕ್ ಒತ್ತಿದಾಗ ಆ ಸಿಲಿಂಡರ್ ಮಾತ್ರ ಮಿಸ್ ಹೊಡೆಯುತ್ತದೆ. ನಾಲ್ಕರಿಂದಲೂ ಸಣ್ಣ ಪೈಪ್ ತೆಗೆದು ಒಂದು ಚಿಕ್ಕ ಡಬ್ಬಕ್ಕೆ ಸೇರಿಸಿ, ಅಲ್ಲಿಂದ ಚೆಕ್ ವಾಲ್ವ್ ಮೂಲಕ ಬೂಸ್ಟರ್‌ಗೆ ಕೊಡಿ. ಬ್ರೇಕ್ ಸರಿಯಿದೆ ಅಂತ ನಿಂತಲ್ಲೇ ಖಾತ್ರಿ ಮಾಡಿಕೊಳ್ಳದೆ ರಸ್ತೆಗೆ ಇಳಿಯಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಅದಕ್ಕೂ ವ್ಯಾಕ್ಯೂಮ್ ಬೇಕು.

ಸ್ಪಾರ್ಕ್: ಎರಡನೇ ಗಂಟು

ಇಂಜೆಕ್ಷನ್ ಕಾರಿನ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ) ಥ್ರಾಟಲ್ ಬಾಡಿಯ ವ್ಯಾಕ್ಯೂಮ್ ನಂಬಿಕೊಂಡಿರುತ್ತದೆ. ಡಿ-ಜೆಟ್ರಾನಿಕ್‌ನದ್ದರಲ್ಲಿ ಇಂಜೆಕ್ಟರ್‌ಗೆ ಸಿಗ್ನಲ್ ಕೊಡುವ ಇನ್ನೊಂದು ಜೋಡಿ ಪಾಯಿಂಟ್ ಕೂಡ ಅಡಿಯಲ್ಲಿರುತ್ತದೆ. ಅದನ್ನು ಸುಮ್ನೆ ಹಾಗೇ ಬಿಡಬಹುದು, ತೊಂದರೆಯಿಲ್ಲ.

ಜೋಡಿ ಐಡಿಎಫ್‌ನಲ್ಲಿ ಒಂದೊಂದು ಬಾಯಿ ಒಂದೊಂದು ಸಿಲಿಂಡರ್‌ಗೆ. ಹಾಗಾಗಿ ನೆಚ್ಚಿಕೊಳ್ಳುವಂಥ ವ್ಯಾಕ್ಯೂಮ್ ಸಿಗುವುದು ಕಷ್ಟ. ಬರೀ ತೂಕದ ಗುಂಡುಗಳಿಂದ ಅಡ್ವಾನ್ಸ್ ಆಗುವ (ವೇಗ ಏರಿದಂತೆ ಸ್ಪಾರ್ಕ್ ಬೇಗ ಕೊಡುವ) ಬಾಷ್ 009 ಡಿಸ್ಟ್ರಿಬ್ಯೂಟರ್ ಇಲ್ಲಿ ಹೊಂದುತ್ತದೆ. ಒಂದೇ ಕಾರ್ಬುರೇಟರ್ ಇರುವ ಬೀಟಲ್‌ನಲ್ಲಿ 009ಗೆ ಪಿಕಪ್ ಮುಗ್ಗರಿಸುವ ಕೆಟ್ಟ ಹೆಸರಿದೆ, ನಿಜ. ಜೋಡಿ ವೆಬರ್‌ನ ಎಕ್ಸಲರೇಟರ್ ಪಂಪ್ ನಾಲ್ಕೂ ಬಾಯಿಗೆ ಚಿಮ್ಮುವುದರಿಂದ ಆ ಮುಗ್ಗರಿಕೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಟೈಮಿಂಗ್ ಅನ್ನು ಸ್ಲೋನಲ್ಲಿ ನೋಡಬೇಡಿ. ಎಂಜಿನ್ 3500 ಆರ್‌ಪಿಎಂಗೆ ಏರಿಸಿ ಸ್ಟ್ರೋಬ್ ಲೈಟ್ ಹಿಡಿಯಿರಿ. ಟೈಪ್ 4ಕ್ಕೆ ಒಟ್ಟು ಅಡ್ವಾನ್ಸ್ 28 ಡಿಗ್ರಿ ಆಸುಪಾಸು, ಟೈಪ್ 1ಕ್ಕೆ 28ರಿಂದ 30. ಸ್ಲೋನಲ್ಲಿ ಎಷ್ಟು ಬರುತ್ತದೋ ಬರಲಿ. ಗಾಳಿಯಲ್ಲಿ ತಣಿಯುವ ಎಂಜಿನ್‌ನಲ್ಲಿ ಅಡ್ವಾನ್ಸ್ ಜಾಸ್ತಿಯಾದರೆ, ನಾಕಿಂಗ್ ಶಬ್ದ ನಿಮ್ಮ ಕಿವಿಗೆ ಬೀಳುವ ಮೊದಲೇ ಪಿಸ್ಟನ್ ತೂತಾಗಬಹುದು.

ಲಿಂಕೇಜ್: ಮೂರನೇ ಗಂಟು

ಒಂದೇ ಪೆಡಲ್ ಎರಡು ಕಾರ್ಬುರೇಟರ್‌ಗಳನ್ನು ಒಂದೇ ಕ್ಷಣದಲ್ಲಿ, ಒಂದೇ ಅಳತೆಗೆ ತೆರೆಯಬೇಕು. ಇಷ್ಟೇ ಕೆಲಸ. ಆದರೆ ಎಂಜಿನ್ ಬಿಸಿಯಾದಾಗ ಅಡ್ಡಕ್ಕೆ ಹಿಗ್ಗುತ್ತದೆ, ಎರಡು ಹೆಡ್‌ಗಳ ನಡುವಿನ ದೂರವೇ ಬದಲಾಗುತ್ತದೆ. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್ ಬಿಸಿಯಾದಾಗ ಸುಳ್ಳಾಗುವುದು ಇದಕ್ಕೇ.

ಅಡ್ಡ ಸರಳಿನ ಎರಡೂ ತುದಿಯಿಂದ ಕೆಳಗಿಳಿಯುವ ಕಡ್ಡಿಗಳು ಒಂದೇ ಕೋನದಲ್ಲಿರಬೇಕು. ಒಂದು ನೇರವಾಗಿ, ಇನ್ನೊಂದು ಓರೆಯಾಗಿ ಇದ್ದರೆ ಸ್ಲೋನಲ್ಲಿ ಸಮ ಇದ್ದದ್ದು ಅರ್ಧ ಎಕ್ಸಲರೇಟರ್‌ಗೆ ಬರುವಷ್ಟರಲ್ಲಿ ಬೇರೆಯಾಗುತ್ತದೆ. ಬಾಲ್ ಜಾಯಿಂಟ್‌ಗಳಲ್ಲಿ ಲೊಡಲೊಡ ಇರಬಾರದು. ಒಬ್ಬರನ್ನು ಒಳಗೆ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ, ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಚಿಟ್ಟೆ (ಗಾಳಿ ತಡೆಯುವ ತಟ್ಟೆ) ನೆಟ್ಟಗೆ ನಿಲ್ಲಬೇಕು. ಪೆಡಲ್ ನೆಲಕ್ಕೆ ತಾಗುವ ಮೊದಲೇ ಚಿಟ್ಟೆ ಪೂರ್ತಿ ತೆರೆದು ನಿಂತರೆ ಕಾಲಿನ ಭಾರವೆಲ್ಲ ಸ್ಪಿಂಡಲ್ ಮೇಲೆ ಬೀಳುತ್ತದೆ. ಪೆಡಲ್‌ಗೆ ತಡೆ ಹಾಕಿ. ಕಾಲು ಬಿಟ್ಟಾಗ ಟಪ್ ಅಂತ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ಸ್ಟಾರ್ಟ್ ಮತ್ತು ಟ್ಯೂನಿಂಗ್

ರಿಲೇ ತಪ್ಪಿಸಿ ಪಂಪ್‌ಗೆ ತಾತ್ಕಾಲಿಕವಾಗಿ ನೇರ ಕರೆಂಟ್ ಕೊಟ್ಟು, ಎಂಜಿನ್ ಓಡದೇ ಪಂಪ್ ಮಾತ್ರ ಓಡಿಸಿ ಎಲ್ಲ ಜೋಡಣೆಗಳನ್ನೂ ಒಣ ಬೆರಳಿನಿಂದ ಮುಟ್ಟಿ ನೋಡಿ. ಒಂದು ಹನಿಯೂ ಇರಬಾರದು. ಐಡಿಎಫ್‌ಗಳಲ್ಲಿ ಸಾಮಾನ್ಯವಾಗಿ ಚೋಕ್ ಜೋಡಿಸಿರುವುದಿಲ್ಲ. ತಣ್ಣನೆ ಎಂಜಿನ್‌ಗೆ ಪೆಡಲ್ ಎರಡು ಮೂರು ಸಲ ಒತ್ತಿ ಕೀ ತಿರುಗಿಸಿ. ಕೆಲವು ನಿಮಿಷ ಕಾಲಿನಲ್ಲೇ ಹಿಡಿದುಕೊಂಡಿರಬೇಕು. ಇಂಜೆಕ್ಷನ್ ಜೊತೆ ನೀವು ಬಿಟ್ಟುಕೊಟ್ಟ ಸುಖ ಇದೇ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಆಮೇಲೆ ಅಡ್ಡ ಸರಳಿನ ಒಂದು ಕಡ್ಡಿ ಬಿಚ್ಚಿ, ಎರಡು ಕಾರ್ಬುರೇಟರ್‌ಗಳನ್ನೂ ಬೇರೆ ಮಾಡಿ. ಗಾಳಿ ಅಳೆಯುವ ಸಿಂಕ್ರೊಮೀಟರ್ ಪ್ರತಿ ಬಾಯಿಗೂ ಹಿಡಿದು, ಸ್ಪೀಡ್ ಸ್ಕ್ರೂಗಳಿಂದ ಎರಡೂ ಕಡೆ ಸಮ ಮಾಡಿ. ಒಂದೇ ಕಾರ್ಬುರೇಟರ್‌ನ ಎರಡು ಬಾಯಿಗಳ ನಡುವೆ ವ್ಯತ್ಯಾಸವಿದ್ದರೆ, ಕಡಿಮೆ ಎಳೆಯುವ ಬಾಯಿಯ ಬೈಪಾಸ್ ಸ್ಕ್ರೂ ಸ್ವಲ್ಪ ತೆರೆಯಿರಿ. ಜಾಸ್ತಿ ಎಳೆಯುವುದರದ್ದು ಮುಚ್ಚಿಯೇ ಇರಲಿ. ಎಂಜಿನ್ 900 ಆರ್‌ಪಿಎಂ ಸುತ್ತ ನಿಲ್ಲಲಿ.

ಈಗ ಗಾಳಿ-ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಸ್ಕ್ರೂಗಳು, ಒಂದೊಂದಾಗಿ. ಎಂಜಿನ್ ತಡವರಿಸುವವರೆಗೆ ಒಳಗೆ ತಿರುಗಿಸಿ, ಮತ್ತೆ ನುಣ್ಣಗೆ ಓಡುವವರೆಗೆ ಹೊರಗೆ, ಅಲ್ಲಿಂದ ಒಂದು ಚೂರು ಹೆಚ್ಚು. ಸ್ಪೀಡ್ ಸ್ಕ್ರೂ ಲಿವರ್‌ಗೆ ತಾಗಿದ ಮೇಲೆ ಒಂದು ಸುತ್ತಿಗಿಂತ ಜಾಸ್ತಿ ಬೇಕಾಗುತ್ತಿದ್ದರೆ ಹೆಚ್ಚಾಗಿ ಐಡಲ್ ಜೆಟ್ ಚಿಕ್ಕದು ಅಂತ ಅರ್ಥ. ಕೊನೆಗೆ ಕಡ್ಡಿ ಮತ್ತೆ ಜೋಡಿಸಿ, ಅದರ ಉದ್ದವನ್ನು ಸ್ಲೋ ಕದಲದ ಹಾಗೆ ಹೊಂದಿಸಿ. 2500 ಆರ್‌ಪಿಎಂನಲ್ಲಿ ಮತ್ತೆ ಅಳೆಯಿರಿ. ಅಲ್ಲೂ ಸಮ ಬಂದರೆ ಲಿಂಕೇಜ್ ಗೆದ್ದಿರಿ.

ರಸ್ತೆಯಲ್ಲಿ ಒಂದು ವಿಷಯ ಗಮನದಲ್ಲಿರಲಿ. ಸುಮಾರು 2500, 3000 ಆರ್‌ಪಿಎಂವರೆಗೆ, ಪೆಡಲ್ ಹಗುರವಾಗಿ ಒತ್ತಿದ್ದಾಗ, ಎಂಜಿನ್ ಓಡುವುದೆಲ್ಲ ಐಡಲ್ ಜೆಟ್‌ನ ಪೆಟ್ರೋಲ್‌ನಲ್ಲೇ. ಮೇನ್ ಜೆಟ್ ಇನ್ನೂ ನಿದ್ದೆಯಲ್ಲಿರುತ್ತದೆ. 2000ದ ಹತ್ತಿರ ಕಾರ್ಬುರೇಟರ್ ಬಾಯಿಂದ ಪಟ್ ಪಟ್ ಅಂತ ಶಬ್ದ ಬಂದರೆ ಎಲ್ಲರೂ ಮೇನ್ ಜೆಟ್ ದೊಡ್ಡದು ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಐಡಲ್ ಜೆಟ್ 50 ಇದ್ದರೆ 55 ಹಾಕಿ ನೋಡಿ. ಒಂದೇ ಸಿಲಿಂಡರ್ ಮಾತ್ರ ಸತ್ತಿದ್ದರೆ ಆ ಬಾಯಿಯ ಐಡಲ್ ಜೆಟ್ ಬಿಚ್ಚಿ ಊದಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಕಸ ಕೂತಿರುತ್ತದೆ.

ಹೊಗೆಯಿಂದ ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಸಿಕ್ಕರೆ ಊಹೆ ಕಡಿಮೆಯಾಗುತ್ತದೆ. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಗಾಳಿ ಎಷ್ಟು ಪಾಲು ಅಂದರೆ, ಸ್ಲೋ ಮತ್ತು ಹದವಾದ ಓಟದಲ್ಲಿ 13ರಿಂದ 13.5, ಪೂರ್ತಿ ಒತ್ತಿ ಏರು ಹತ್ತುವಾಗ 12.5ರಿಂದ 13. ಈ ಎಂಜಿನ್‌ಗಳು ತಮ್ಮನ್ನು ತಣಿಸಿಕೊಳ್ಳಲು ಸ್ವಲ್ಪ ಪೆಟ್ರೋಲನ್ನೂ ಬಳಸುತ್ತವೆ. ಮೈಲೇಜ್ ಆಸೆಗೆ ಮಿಶ್ರಣ ತೆಳು ಮಾಡಬೇಡಿ. 3ನೇ ಸಿಲಿಂಡರ್‌ನ ಪ್ಲಗ್ ಅಡಿಯಲ್ಲಿ ತಾಪದ ಸೆನ್ಸರ್ ಹಾಕಿಕೊಂಡರೆ ಒಳ್ಳೆಯದು. ಟೈಪ್ 1ರಲ್ಲಂತೂ ಅದೇ ಹೆಚ್ಚು ಕಾಯುವ ಸಿಲಿಂಡರ್.

ಮೊದಲ ವಾರ ದಿನಾ ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ ಪೆಟ್ರೋಲ್ ಇಳಿಯುತ್ತಿದೆ, ಗಾಡಿ ನಿಲ್ಲಿಸಿ. 500 ಕಿಲೋಮೀಟರ್ ಆದ ಮೇಲೆ ಮ್ಯಾನಿಫೋಲ್ಡ್ ನಟ್, ಪೈಪ್ ಕ್ಲಿಪ್, ಲಿಂಕೇಜ್‌ನ ಲಾಕ್ ನಟ್ ಮೂರನ್ನೂ ಮತ್ತೆ ಬಿಗಿ ಮಾಡಿ, ಆಯಿಲ್ ಬದಲಿಸಿ. ಕಿತ್ತ ಇಂಜೆಕ್ಷನ್ ಸಾಮಾನನ್ನು ಒಂದೇ ಡಬ್ಬದಲ್ಲಿ ತುಂಬಿ, ಇಂಜೆಕ್ಟರ್‌ಗಳ ಬಾಯಿಗೆ ಮುಚ್ಚಳ ಹಾಕಿ, ಒಣ ಜಾಗದಲ್ಲಿಡಿ. ಕಾರು ಮಾರುವ ದಿನ ಬಂದರೆ ಕೊಳ್ಳುವವರು ಮೊದಲು ಕೇಳುವುದು ಆ ಡಬ್ಬವನ್ನೇ.